ಸ್ಪ್ರಿಂಗ್ ಬದಲಿಸುವ ಮುನ್ನ ಹಾಪ್-ಅಪ್ ಬಿಚ್ಚಿ ನೋಡಿ

ಏರ್‌ಸಾಫ್ಟ್ ಗನ್ನಿನ (ಸ್ಪ್ರಿಂಗ್ ತಳ್ಳಿದ ಗಾಳಿಯಿಂದ ಪ್ಲಾಸ್ಟಿಕ್ ಗುಂಡು ಹಾರಿಸುವ ಆಟದ ಗನ್ನಿನ) ಗುಂಡು ದೂರ ಹೋಗುತ್ತಿಲ್ಲ ಎಂದರೆ ನಮ್ಮ ಕೊಡಗಿನಲ್ಲಿ ಸಿಗುವ ಮೊದಲ ಸಲಹೆ ‘ಗಟ್ಟಿ ಸ್ಪ್ರಿಂಗ್ ಹಾಕು’ ಎಂಬುದೇ. ಕೈಲ್ ಮುಹೂರ್ತದಂದು ಕೋವಿಗೆ ಹೂವಿಟ್ಟು ಪೂಜಿಸಿ, ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುವ ಮನೆಗಳಲ್ಲಿ ಬೆಳೆದವರಿಗೆ, ಮದ್ದು ಹೆಚ್ಚಾದಷ್ಟೂ ದೂರ ಹೆಚ್ಚು ಎಂಬ ಲೆಕ್ಕ ಯಾರೂ ಹೇಳಿಕೊಡದೆಯೇ ಬಂದಿರುತ್ತದೆ. ಕಾಡತೂಸಿನ ಕೋವಿಯ ಮಟ್ಟಿಗೆ ಅದರಲ್ಲಿ ತಪ್ಪಿಲ್ಲ. ಆದರೆ 6 ಮಿ.ಮೀ. ಪ್ಲಾಸ್ಟಿಕ್ ಗುಂಡಿನ ವಿಷಯದಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಅಲ್ಲಿ ದೂರವನ್ನು ನಿರ್ಧರಿಸುವುದು ಹಿಂದಿನ ಸ್ಪ್ರಿಂಗಿಗಿಂತ ಹೆಚ್ಚಾಗಿ ನಳಿಗೆಯ ಹಿಂತುದಿಯಲ್ಲಿ ಕುಳಿತಿರುವ ಬೆರಳ ತುದಿಯಷ್ಟು ರಬ್ಬರು; ಅದರ ಜೋಡಣೆಗೇ ಹಾಪ್-ಅಪ್ ಎಂದು ಹೆಸರು. ಸ್ಪ್ರಿಂಗಿಗೆ ಸಾವಿರಗಟ್ಟಲೆ ಸುರಿಯುವ ಮೊದಲು, ಮನೆಯ ಮೇಜಿನ ಮೇಲೆ ಒಂದು ಸಂಜೆ ಕುಳಿತು ಆ ರಬ್ಬರನ್ನು ಸರಿಪಡಿಸಿಕೊಳ್ಳಿ ಎಂಬುದು ನನ್ನ ವಾದ.

ಲೆಕ್ಕ ಹಾಕಿಯೇ ನೋಡೋಣ. 0.20 ಗ್ರಾಂ ತೂಕದ ಗುಂಡಿಗೆ ಒಂದು ಜೂಲ್ ಶಕ್ತಿ ಕೊಟ್ಟರೆ ಅದು ಸೆಕೆಂಡಿಗೆ 100 ಮೀಟರ್ ವೇಗದಲ್ಲಿ ಹೊರಡುತ್ತದೆ. ಹೆಗಲ ಮಟ್ಟದಿಂದ, ಅಂದರೆ ಸುಮಾರು ಒಂದೂವರೆ ಮೀಟರ್ ಎತ್ತರದಿಂದ, ನೆಲಕ್ಕೆ ಸಮನಾಗಿ ಹೊಡೆದ ಯಾವ ಗುಂಡಾದರೂ ನೆಲ ಮುಟ್ಟಲು ತೆಗೆದುಕೊಳ್ಳುವ ಸಮಯ ಸುಮಾರು 0.55 ಸೆಕೆಂಡ್. ಈ ಅವಧಿಯಲ್ಲಿ, ಗಾಳಿಯ ತಡೆಯನ್ನೂ ಲೆಕ್ಕಕ್ಕೆ ಹಿಡಿದರೆ, ನಮ್ಮ ಗುಂಡು 30 ಮೀಟರ್ ಆಸುಪಾಸಿಗೆ ಹೋಗಿ ಬೀಳುತ್ತದೆ. ಈಗ ಸ್ಪ್ರಿಂಗ್ ಬದಲಿಸಿ ಶಕ್ತಿಯನ್ನು ಎರಡು ಜೂಲಿಗೆ ಏರಿಸಿದರೆ ವೇಗ ಸೆಕೆಂಡಿಗೆ 141 ಮೀಟರ್ ಆಗುತ್ತದೆ; ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಅದೂ ಇಮ್ಮಡಿಯಾಗುತ್ತದೆ. ಕೊನೆಗೆ ದಕ್ಕುವುದು ಆರೇಳು ಮೀಟರ್ ಹೆಚ್ಚುವರಿ ದೂರ ಮಾತ್ರ. ಅಷ್ಟಕ್ಕಾಗಿ ಗೇರ್‌ಬಾಕ್ಸ್ ಹಲ್ಲು ಸವೆಸಿಕೊಂಡು, ಎದುರಿಗಿರುವವನ ಮೈಮೇಲೆ ಇಮ್ಮಡಿ ಪೆಟ್ಟು ಹಾಕುವುದು ನನಗೆ ಜಾಣತನವಾಗಿ ಕಾಣುವುದಿಲ್ಲ.

ನಮ್ಮ ನೆರೆಮನೆಯ ಮಾವ ಒಬ್ಬರು ಈ ನಳಿಗೆಯೊಳಗೆ ಇಣುಕಿ, ‘ಒಳಗೆ ಗೆರೆಯೇ ಇಲ್ಲವಲ್ಲ, ಗುಂಡು ನೆಟ್ಟಗೆ ಹೋಗುವುದಾದರೂ ಹೇಗೆ?’ ಎಂದು ಕೇಳಿದ್ದರು. ಪ್ರಶ್ನೆ ಸರಿಯಾಗಿಯೇ ಇದೆ. ರೈಫಲ್ಲಿನ ಗೆರೆಗಳು ಗುಂಡನ್ನು ಅದು ಸಾಗುವ ದಿಕ್ಕನ್ನೇ ಅಕ್ಷವಾಗಿಟ್ಟು ತಿರುಗಿಸುತ್ತವೆ. ಹಾಪ್-ಅಪ್ ಮಾಡುವುದು ಬೇರೆ ಕೆಲಸ: ಗುಂಡಿನ ನೆತ್ತಿಗೆ ಮಾತ್ರ ರಬ್ಬರನ್ನು ತಾಗಿಸಿ, ಅದು ಹಿಮ್ಮುಖವಾಗಿ ಸುತ್ತುತ್ತ ಹೊರಬರುವಂತೆ ಮಾಡುತ್ತದೆ. ಹಾಗೆ ಸುತ್ತುವ ಗುಂಡಿನ ಮೇಲ್ಭಾಗದ ಗಾಳಿ ಬೇಗ ಹಿಂದಕ್ಕೆ ಹರಿದು ಕೆಳಮುಖವಾಗಿ ತಿರುಗುವುದರಿಂದ ಗುಂಡಿಗೆ ಮೇಲ್ಮುಖವಾದ ಒತ್ತಾಸೆ ಸಿಗುತ್ತದೆ. ಜರ್ಮನ್ ವಿಜ್ಞಾನಿ ಮ್ಯಾಗ್ನಸ್ 1852ರಲ್ಲಿ ವಿವರಿಸಿದ, ಇಂದು ಅವರ ಹೆಸರಿನಿಂದಲೇ ಕರೆಯುವ ಪರಿಣಾಮ ಇದು. ಬಿಟ್ಟಂಗಾಲದ ಗಾಲ್ಫ್ ಮೈದಾನದಲ್ಲಿ ಚೆಂಡು ತೇಲಿಕೊಂಡು ಹೋಗುವುದಕ್ಕೂ ಇದೇ ಕಾರಣ. ಈ ಎತ್ತುವ ಬಲವೂ ಗುಂಡಿನ ತೂಕವೂ ಸರಿಸುಮಾರು ಸಮವಾದಾಗ ಆ 0.55 ಸೆಕೆಂಡಿನ ಮಿತಿಯೇ ಇಲ್ಲವಾಗುತ್ತದೆ.

ಜಪಾನಿನಲ್ಲಿ 2006ರ ಕಾನೂನು ತಿದ್ದುಪಡಿಯ ನಂತರ ಈ ಗನ್ನುಗಳ ಶಕ್ತಿ ಒಂದು ಜೂಲಿಗೂ ತುಸು ಕಡಿಮೆಯೇ ಇರಬೇಕು. ಆದರೂ ಅಲ್ಲಿನ ಆಟಗಾರರು 40 ಮೀಟರ್ ಆಚೆಗೆ ನೆಮ್ಮದಿಯಾಗಿ ಗುರಿ ಹಿಡಿಯುತ್ತಾರೆ. ಶಕ್ತಿಯ ಬಾಗಿಲು ಮುಚ್ಚಿದ್ದರಿಂದ ಅವರ ಗಮನವೆಲ್ಲ ರಬ್ಬರಿನ ಮೇಲೆ ಹೋಯಿತು.

ಇನ್ನು ಕೆಲಸದ ಮಾತು. ಮ್ಯಾಗಜಿನ್ ತೆಗೆದು, ಒಳಗೆ ಉಳಿದ ಗುಂಡನ್ನು ಹಾರಿಸಿ ಖಾಲಿ ಮಾಡಿ, ಬ್ಯಾಟರಿ ಕಳಚಿದ ಮೇಲಷ್ಟೇ ಗನ್ನು ಬಿಚ್ಚಬೇಕು. ಒಳನಳಿಗೆಯ ಹಿಂತುದಿಯಲ್ಲಿ ಒಂದು ಸಣ್ಣ ಕಿಟಕಿ ಕೊರೆದಿರುತ್ತದೆ. ಅದರ ಮೇಲೆ ಕಾಲುಚೀಲದಂತೆ ತೊಡಿಸಿದ ರಬ್ಬರು ಬಕಿಂಗ್. ಅದರೊಳಗಿನ ಉಬ್ಬು ಕಿಟಕಿಯ ಮೂಲಕ ನಳಿಗೆಯೊಳಕ್ಕೆ ಇಳಿಯುತ್ತದೆ. ಆ ಉಬ್ಬನ್ನು ಮೇಲಿನಿಂದ ಒತ್ತುವ ಚಿಕ್ಕ ತುಂಡು ನಬ್. ಅಗ್ಗದ ಗನ್ನುಗಳಲ್ಲಿ ಕೆಡುವುದು ಬಹುಪಾಲು ಇಲ್ಲಿಯೇ. ಕಾರ್ಖಾನೆಯ ನಬ್ ಹೆಚ್ಚಾಗಿ ದುಂಡಗಿನ ಕಡ್ಡಿಯಂಥ ತುಂಡಾಗಿದ್ದು, ಉಬ್ಬಿನ ನಡುಮಧ್ಯೆ ಮಾತ್ರ ಒತ್ತುತ್ತದೆ. ಆಗ ಉಬ್ಬು ಬೆಣೆಯಂತಾಗಿ, ಗುಂಡು ಒಮ್ಮೆ ಅದರ ಎಡಕ್ಕೂ ಇನ್ನೊಮ್ಮೆ ಬಲಕ್ಕೂ ಜಾರುತ್ತದೆ. ನಮ್ಮ ಹುಡುಗರು ‘ಹಾಪ್ ಸಾಲದು’ ಎಂದು ನಬ್ಬಿನ ಒತ್ತಡ ಹೊಂದಿಸುವ ಚಕ್ರವನ್ನು ಇನ್ನಷ್ಟು ತಿರುಗಿಸುತ್ತಾರೆ, ರೋಗ ಇನ್ನಷ್ಟು ಹೆಚ್ಚುತ್ತದೆ. ಅಲ್ಲಿ ಬೇಕಾಗಿರುವುದು ಸಮನಾದ ಸ್ಪರ್ಶವೇ ಹೊರತು ಹೆಚ್ಚಿನ ಒತ್ತಡವಲ್ಲ.

ಆದ್ದರಿಂದ ಮನೆಯಲ್ಲಿ ಮಾಡುವ ಮೊದಲ ಮಾರ್ಪಾಡು ಹೊಸ ನಬ್ ಆಗಿರಲಿ. ಪೆನ್ಸಿಲ್ ರಬ್ಬರು ಬೇಗನೆ ಪುಡಿಯಾಗುತ್ತದೆ, ಸೈಕಲ್ ಟ್ಯೂಬಿನ ತುಂಡು ತನ್ನ ಬಾಗನ್ನು ಬಿಡುವುದಿಲ್ಲ. ಗಟ್ಟಿಯಾಗದ ಸಿಲಿಕೋನ್ ಕುಕ್ಕರ್ ಗ್ಯಾಸ್ಕೆಟ್ ಸಿಕ್ಕರೆ ಅದರ ತುಂಡು ಇವೆರಡಕ್ಕಿಂತ ವಾಸಿ. ಹಳೆಯ ನಬ್ಬಿನ ಅಗಲ ಎತ್ತರಗಳನ್ನು ವರ್ನಿಯರ್ ಕ್ಯಾಲಿಪರಿನಲ್ಲಿ ಅಳೆದು, ಹೊಸ ಬ್ಲೇಡಿನಿಂದ ಒಂದೇ ಎಳೆತಕ್ಕೆ ಕತ್ತರಿಸಿ, ಗಾಜಿನ ಮೇಲೆ ಹರಡಿದ ನಯವಾದ ಮರಳುಕಾಗದದಲ್ಲಿ ತಳವನ್ನು ಉಜ್ಜಿ ಮಟ್ಟಸ ಮಾಡಬೇಕು. ತಾಳ್ಮೆಯಿದ್ದವರು ತಳದ ನಡುವೆ ಉದ್ದಕ್ಕೆ ಒಂದು ತೆಳ್ಳನೆಯ ತೋಡು ತೆಗೆದರೆ ಒತ್ತಡ ಎರಡು ಅಂಚುಗಳಲ್ಲಿ ಬಿದ್ದು ಗುಂಡು ತಾನಾಗಿಯೇ ನಡುವಿಗೆ ಬರುತ್ತದೆ. ಜೋಡಿಸಿದ ಮೇಲೆ ನಳಿಗೆಯ ಮುಂತುದಿಯಿಂದ ಬೆಳಕಿಗೆ ಹಿಡಿದು ನೋಡಿ: ಮೇಲಿನಿಂದ ಇಳಿದ ಉಬ್ಬಿನ ಅಂಚು ಓರೆಯಾಗಿ ಕಂಡರೆ ಬಕಿಂಗ್ ತಿರುಚಿಕೊಂಡಿದೆ ಎಂದರ್ಥ, ಮತ್ತು ಗುಂಡು ಪ್ರತಿ ಸಲವೂ ಒಂದೇ ಪಕ್ಕಕ್ಕೆ ಬಾಗುತ್ತದೆ. ಬಕಿಂಗಿನ ಸುತ್ತ ಗಾಳಿ ಸೋರುತ್ತಿದ್ದರೆ ಕೊಳಾಯಿ ಕೆಲಸದ ಟೆಫ್ಲಾನ್ ಟೇಪನ್ನು ಒಂದು ಸುತ್ತು ಹಾಕಿದರೆ ಸಾಕು.

ಇದಕ್ಕಿಂತ ಮುಂದಿನವು ಫ್ಲಾಟ್-ಹಾಪ್ ಮತ್ತು ಆರ್-ಹಾಪ್. ಫ್ಲಾಟ್-ಹಾಪ್‌ನಲ್ಲಿ ಬಕಿಂಗಿನ ಉಬ್ಬನ್ನೇ ತೆಗೆದು, ಕಿಟಕಿಯುದ್ದಕ್ಕೂ ಒತ್ತುವ ಚಪ್ಪಟೆ ನಬ್ ಕೂರಿಸುತ್ತಾರೆ. ಗುಂಡಿಗೆ ರಬ್ಬರಿನ ಸಂಗ ಹೆಚ್ಚು ಹೊತ್ತು ಸಿಗುವುದರಿಂದ 0.28 ಗ್ರಾಂ ಮತ್ತು ಅದಕ್ಕೂ ಭಾರದ ಗುಂಡುಗಳನ್ನೂ ಅದು ಎತ್ತಬಲ್ಲದು. ಬಕಿಂಗನ್ನು ಒಳಹೊರಗು ಮಾಡಿ ಉಬ್ಬು ಕೆತ್ತುವ ಉಪಾಯವನ್ನು ಹಲವರು ಹೇಳುತ್ತಾರೆ, ಆದರೆ ಆಗ ಹಿಂಬದಿಯ ತುಟಿಯ ಆಕಾರ ಕೆಟ್ಟು ಗಾಳಿ ಸೋರುವ ಅಪಾಯವಿರುವುದರಿಂದ ಸಿದ್ಧ ಚಪ್ಪಟೆ ಬಕಿಂಗ್ ಕೊಳ್ಳುವುದೇ ನನಗೆ ಇಷ್ಟ. ಆರ್-ಹಾಪ್‌ನಲ್ಲಿ ಕಿಟಕಿಯನ್ನು ಪೂರ್ತಿ ತುಂಬುವ ರಬ್ಬರಿನ ತೇಪೆಯ ಒಳಮೈಯನ್ನು ನಳಿಗೆಯ ದುಂಡಿಗೆ ಸರಿಯಾಗಿ ಉಜ್ಜಬೇಕು. ಹಾಪ್ ಸೊನ್ನೆಯಲ್ಲಿದ್ದಾಗ ಬಿಟ್ಟ ಗುಂಡು ತೇಪೆಗೆ ಎಡವದೆ ಉರುಳಿಹೋದರೆ ಉಜ್ಜಿದ್ದು ಸರಿಯಾಗಿದೆ ಎಂದು ತಿಳಿಯಬಹುದು. ತೇಪೆಯನ್ನು ಅಂಟಿಸಲು ಹೊರಟರೆ, ಮಾಮೂಲಿ ಸೂಪರ್ ಗ್ಲೂ ಸಿಲಿಕೋನಿಗೆ ಪ್ರೈಮರ್ ಇಲ್ಲದೆ ನೆಚ್ಚಿಕೆಯಾಗಿ ಅಂಟುವುದಿಲ್ಲ. ನಬ್ಬಿನ ಕೆಲಸದಲ್ಲಿ ಕೈ ಪಳಗಿದವರು ಮಾತ್ರ ಇದಕ್ಕೆ ಇಳಿಯಲಿ. ಇವೆಲ್ಲವನ್ನೂ ಬಿಟ್ಟು 6.01 ಮಿ.ಮೀ. ಒಳವ್ಯಾಸದ ಬಿಗಿ ನಳಿಗೆಗೆ ಹಣ ಹಾಕುವವರನ್ನು ಕಂಡರೆ ನನಗೆ ಮರುಕ ಬರುತ್ತದೆ.

ನಮ್ಮವರು ವಿಶೇಷವಾಗಿ ಗಮನಿಸಬೇಕಾದದ್ದು ಎಣ್ಣೆ. ಮಳೆಗಾಲದ ತುಕ್ಕಿಗೆ ಹೆದರಿ ಕೋವಿಯ ನಳಿಗೆಗೆ ಎಣ್ಣೆಬಟ್ಟೆ ಹಾಕುವ ಅಭ್ಯಾಸ ಕೈಗೆ ಅಂಟಿರುವುದರಿಂದ, ಏರ್‌ಸಾಫ್ಟಿನ ಹಿತ್ತಾಳೆಯ ಒಳನಳಿಗೆಗೂ ಅದೇ ಎಣ್ಣೆ ಹೋಗುತ್ತದೆ. ಪೆಟ್ರೋಲಿಯಂ ಎಣ್ಣೆ ಅನೇಕ ಬಗೆಯ ರಬ್ಬರುಗಳನ್ನು ಊದಿಸಿ ಕೆಡಿಸುತ್ತದೆ. ಇನ್ನು ಸಿಲಿಕೋನ್ ಎಣ್ಣೆ ರಬ್ಬರನ್ನು ಕೆಡಿಸದಿದ್ದರೂ, ಉಬ್ಬಿನ ಮೇಲೆ ಕುಳಿತು ಗುಂಡನ್ನು ತಿರುಗಿಸಬೇಕಾದ ಘರ್ಷಣೆಯನ್ನೇ ಕಿತ್ತುಕೊಳ್ಳುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಬಟ್ಟೆಯಿಂದ ಒರೆಸಿ, ಒಣಬಟ್ಟೆ ಎಳೆದು, ಅಷ್ಟಕ್ಕೇ ಬಿಡಬೇಕು.

ಹವೆಯ ಪ್ರಭಾವವೂ ಉಂಟು. ಡಿಸೆಂಬರಿನ ಮಡಿಕೇರಿಯ ಬೆಳಗಿನ ಚಳಿಗೆ ರಬ್ಬರು ಬಿಗಿಯಾಗುತ್ತದೆ, ಮಧ್ಯಾಹ್ನದ ಬಿಸಿಲಿಗೆ ಸಡಿಲಗೊಳ್ಳುತ್ತದೆ. ಆದ್ದರಿಂದ ಆಡುವ ಹೊತ್ತಿನಲ್ಲೇ ಹಾಪ್ ಹೊಂದಿಸಿಕೊಳ್ಳಬೇಕು. ಮಣ್ಣಿನಲ್ಲಿ ಕರಗುತ್ತವೆಂದು ತೋಟಗಳಲ್ಲಿ ಬಳಸುವ ಜೈವಿಕ ಗುಂಡುಗಳನ್ನು ಮಳೆಗಾಲದಲ್ಲಿ ಗಾಳಿಯಾಡದ ಡಬ್ಬಿಯಲ್ಲಿ ಇಡದಿದ್ದರೆ, ತೇವ ಹೀರಿ ಉಬ್ಬಿ ನಳಿಗೆಯಲ್ಲಿ ಸಿಕ್ಕಿಕೊಳ್ಳಬಹುದು.

ಕಾನೂನಿನ ಬಗ್ಗೆ ನಮ್ಮಲ್ಲಿ ಒಂದು ಉದಾಸೀನವಿದೆ. 1861ರ ಕಾಲದಿಂದ ಬಂದ, 2019ರಲ್ಲಿ ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದ, ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿಯ) ಹಿಡುವಳಿದಾರರಿಗೂ ಇದೆ ಎಂದಾಕ್ಷಣ ಆಟದ ಗನ್ನಿಗೆ ಯಾರನ್ನು ಕೇಳಬೇಕು ಎಂಬ ಭಾವನೆ ಸಲ್ಲದು. 2016ರ ಶಸ್ತ್ರಾಸ್ತ್ರ ನಿಯಮಗಳು ಪರವಾನಗಿ ಬೇಡವೆನ್ನುವುದು ಬೋರು (ನಳಿಗೆಯ ಒಳವ್ಯಾಸ) 4.5 ಮಿ.ಮೀ. ಮತ್ತು ಶಕ್ತಿ 20 ಜೂಲ್ ಮೀರದ ಏರ್‌ಗನ್ನಿಗೆ. ಏರ್‌ಸಾಫ್ಟಿನ ಬೋರು 6 ಮಿ.ಮೀ. ಎಂಬುದನ್ನು ಮರೆಯಬಾರದು. ಕೊಳ್ಳುವ ಮೊದಲೇ ಠಾಣೆಯಲ್ಲಿ ವಿಚಾರಿಸಿ, ನಿಜವಾದ ಕೋವಿಯಂತೆ ಕಾಣುವ ಇದನ್ನು ರಸ್ತೆಯಲ್ಲಿ ಚೀಲದೊಳಗೇ ಒಯ್ಯಬೇಕು.

ಹಾಪ್ ಸರಿಯಾದ ಮೇಲೆ ಗುಂಡು ಮೊದಲಿಗಿಂತ ದೂರ ಹೋಗುವುದರಿಂದ, ಪರೀಕ್ಷೆಗೆ ತೋಟದ ಲೈನ್ ಮನೆಗಳ ಕಡೆ ಮುಖ ಮಾಡದ, ಹಿಂದೆ ಮಣ್ಣಿನ ದಿಣ್ಣೆಯಿರುವ ಜಾಗವನ್ನೇ ಆರಿಸಿಕೊಳ್ಳಿ ಮತ್ತು ನೋಡಲು ನಿಂತವರಿಗೂ ಕಣ್ಣಿಗೆ ಪಾಲಿಕಾರ್ಬೊನೇಟ್ ಕನ್ನಡಕ ಹಾಕಿಸಿ. ಕಾಫಿ ತೋಟಕ್ಕೆ ನುಗ್ಗುವ ಮಂಗಗಳ ಮೇಲೆ ಇದನ್ನು ಪ್ರಯೋಗಿಸುವವರು ಈ ಬರಹವನ್ನು ಓದಿ ಹಾಪ್ ಸರಿಪಡಿಸಿಕೊಳ್ಳುವುದು ನನಗೆ ಬೇಕಿಲ್ಲ. ಉಳಿದವರು, ಗೋಣಿಕೊಪ್ಪ ಅಥವಾ ವಿರಾಜಪೇಟೆಯ ಕಡೆಯವರಾಗಿದ್ದರೆ, ನಬ್ ಕತ್ತರಿಸುವುದರಲ್ಲಿ ತೊಡಕಾದಾಗ ಸಂದೇಶ ಕಳುಹಿಸಬಹುದು; ಬರುವಾಗ ಹಳೆಯ ನಬ್ಬನ್ನು ಎಸೆಯದೆ ಜೊತೆಗೆ ತನ್ನಿ, ಅಳತೆಗೆ ಬೇಕಾಗುತ್ತದೆ.