ಬ್ರೆಡ್ ಮೆಷಿನ್ನಲ್ಲಿ ಬ್ರೆಡ್ ಬೇಯಿಸಲೇಬೇಕು ಅಂತೇನಿಲ್ಲ

ಬ್ರೆಡ್ ಮೆಷಿನ್ ಹಿಟ್ಟು ನಾದುವುದರಲ್ಲಿ ಗಟ್ಟಿಗ, ಬೇಯಿಸುವುದರಲ್ಲಿ ಸಾಧಾರಣ. ಅದರಲ್ಲಿ ಬೆಂದ ಬ್ರೆಡ್ಡಿನ ತಳದಲ್ಲಿ ಪ್ಯಾಡಲ್ (ಹಿಟ್ಟು ನಾದುವ ರೆಕ್ಕೆ) ಕೂತ ತೂತು, ಮೇಲ್ಭಾಗ ಬಿಳಚು. ಹಾಗಾಗಿ ಬೇಯಿಸದೆ ಬರೀ ನಾದಿ ಉಬ್ಬಿಸುವ 'ಡೋ' ಬಟನ್ ಒತ್ತಿ, ಹಿಟ್ಟು ಉಬ್ಬಿದ ಮೇಲೆ ಓವನ್ನಿಗೆ ಹಾಕುವುದೇ ವಾಸಿ.

ಖಾರಾ ಬನ್ನಿಗೆ ಅಳತೆ: ಮೈದಾ 300 ಗ್ರಾಂ, ನೀರು 180 ಮಿಲಿ, ಉಪ್ಪು 5 ಗ್ರಾಂ, ಸಕ್ಕರೆ ಒಂದು ಚಮಚ, ಬೆಣ್ಣೆ 30 ಗ್ರಾಂ, ಇನ್‌ಸ್ಟಂಟ್ ಯೀಸ್ಟ್ ಒಂದು ಟೀ ಚಮಚ. ಕಪ್ಪಿನಲ್ಲಿ ಅಳೆಯಬೇಡಿ, ಒತ್ತಿ ತುಂಬಿದ ಕಪ್ಪಿಗೂ ಸಡಿಲ ಕಪ್ಪಿಗೂ 20-30 ಗ್ರಾಂ ವ್ಯತ್ಯಾಸ ಬರುತ್ತದೆ. ಮೊದಲು ನೀರು, ಉಪ್ಪು, ಸಕ್ಕರೆ, ಬೆಣ್ಣೆ, ಆಮೇಲೆ ಮೈದಾ, ತುದಿಯಲ್ಲಿ ಯೀಸ್ಟ್. ಕೆಲವು ಕಂಪನಿಗಳದ್ದು ಉಲ್ಟಾ ಕ್ರಮ, ಮ್ಯಾನ್ಯುಯಲ್ ನೋಡಿಕೊಳ್ಳಿ. ಕೆಲವು ಮೆಷಿನ್ ಮೊದಲ ಅರ್ಧ ಗಂಟೆ ಸುಮ್ಮನೆ ಕೂತಿರುತ್ತವೆ. ಕೆಟ್ಟಿಲ್ಲ, ಒಳಗಿನದೆಲ್ಲ ಒಂದೇ ಬಿಸಿಗೆ ಬರಲಿ ಎಂದು ಕಾಯುತ್ತಿರುತ್ತವೆ.

ನಾದಲು ಶುರುವಾಗಿ ಐದಾರು ನಿಮಿಷಕ್ಕೆ ಮುಚ್ಚಳ ತೆಗೆದು ನೋಡಲೇಬೇಕು. ಹಿಟ್ಟು ಒಂದೇ ಉಂಡೆಯಾಗಿ, ಗೋಡೆ ಬಿಟ್ಟು, ಬೆರಳಿಗೆ ಸ್ವಲ್ಪವೇ ಅಂಟುವಂತಿದ್ದರೆ ಸರಿ. ತುಂಡುತುಂಡಾಗಿ ಉರುಳುತ್ತಿದ್ದರೆ ಒಂದು ಚಮಚ ನೀರು, ತಳದಲ್ಲಿ ಬಳಿದುಕೊಂಡಿದ್ದರೆ ಒಂದು ಚಮಚ ಮೈದಾ. ಹಾಕಿ ಎರಡು ನಿಮಿಷ ಕಾಯಿರಿ, ಅವಸರ ಬೇಡ. ಅರ್ಧ ಪಾಲು ಗೋಧಿ ಹಿಟ್ಟಾದರೆ 20-25 ಮಿಲಿ ನೀರು ಜಾಸ್ತಿ ಬೇಕು, ಏಕೆಂದರೆ ತವುಡು ನೀರು ಕುಡಿಯುತ್ತದೆ.

ಏಪ್ರಿಲ್ ಸೆಕೆಯಲ್ಲಿ ಬಿಸಿನೀರಂತೂ ಬೇಡವೇ ಬೇಡ. ಪ್ಯಾಡಲ್ ತಿಕ್ಕಾಟಕ್ಕೇ ಹಿಟ್ಟು ಕಾಯುತ್ತದೆ, ಜೊತೆಗೆ ಮೆಷಿನ್ನಿನ ಹೀಟರ್ ಬೇರೆ. ಫ್ರಿಜ್ಜಿನ ನೀರು ಹಾಕಿ. ಇಲ್ಲದಿದ್ದರೆ ಹಿಟ್ಟು ಮಿತಿಮೀರಿ ಉಬ್ಬಿ, ಹುಳಿವಾಸನೆ ಬಂದು, ಮುಟ್ಟಿದರೆ ಕುಸಿಯುತ್ತದೆ. ಬೀಪ್ ಹೊಡೆಯುವವರೆಗೂ ಕಾಯಬೇಕೆಂದಿಲ್ಲ. ಎರಡು ಪಟ್ಟು ಆಯಿತೆಂದರೆ ತೆಗೆದುಬಿಡಿ.

ಖಾರಾ ಬನ್ ಕೆಡುವುದು ಹೆಚ್ಚಾಗಿ ಈರುಳ್ಳಿಯಿಂದ. ನಾದುವಾಗಲೇ ಹಸಿ ಈರುಳ್ಳಿ ಹಾಕಿದರೆ ಪ್ಯಾಡಲ್ ಅದನ್ನು ಜಜ್ಜುತ್ತದೆ, ಉಪ್ಪು ನೀರು ಬಿಡಿಸುತ್ತದೆ, ಹಿಟ್ಟು ಗೊಜ್ಜಾಗುತ್ತದೆ. ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು ಎರಡು ನಿಮಿಷ ಬಾಡಿಸಿ, ಪೂರ್ತಿ ಆರಿಸಿ, ಕೊತ್ತಂಬರಿ ಸೇರಿಸಿ, ಉಬ್ಬಿದ ಹಿಟ್ಟಿಗೆ ಕೈಯಲ್ಲೇ ಮಡಚಿ ಬೆರೆಸಿ. ಎಂಟು ಉಂಡೆ ಮಾಡಿ, ಮತ್ತೆ ಮುಕ್ಕಾಲು ಗಂಟೆ ಉಬ್ಬಲು ಬಿಡಿ. ಮೊದಲೇ ಕಾಯಿಸಿದ ಓವನ್ನಿನಲ್ಲಿ 190 ಡಿಗ್ರಿಗೆ 15-18 ನಿಮಿಷ. ತೆಗೆದ ತಕ್ಷಣ ಬೆಣ್ಣೆ ಸವರಿ.

ಪ್ಯಾಡಲ್ ಕಚ್ಚಿಕೊಂಡರೆ ಇಕ್ಕಳ ಹಾಕಿ ಎಳೆಯಬೇಡಿ. ಪ್ಯಾನಿನೊಳಗೆ ಬಿಸಿನೀರು ಹಾಕಿ ಹತ್ತು ನಿಮಿಷ ಬಿಟ್ಟರೆ ತಾನಾಗಿ ಸಡಿಲವಾಗುತ್ತದೆ. ಮುಂದಿನ ಸಲ ಕೂರಿಸುವ ಮುಂಚೆ ಪ್ಯಾಡಲ್ ಕೂರುವ ಕಡ್ಡಿಗೆ ಒಂದು ಹನಿ ಎಣ್ಣೆ ಸವರಿ.