ಗಾಲಿ ಇಲ್ಲದ ಊರಿಗೆ ಗಾಲಿ ಬ್ಯಾಗು

ಜಗತ್ತಿನ ಸುಂದರ ನಗರಗಳು ಅಂತ ಯಾರೇ ಪಟ್ಟಿ ಮಾಡಲಿ, ಅದರಲ್ಲಿ ವೆನಿಸ್ ಇದ್ದೇ ಇರುತ್ತದೆ. ಇರಲಿ, ನನ್ನದೇನೂ ತಕರಾರಿಲ್ಲ. ಆದರೆ ಪಟ್ಟಿ ಮಾಡಿದ ಪುಣ್ಯಾತ್ಮರು ಯಾರೂ ನಮ್ಮ ಅಮ್ಮನ ಬ್ಯಾಗು ಹೊತ್ತುಕೊಂಡು ಅಲ್ಲಿಗೆ ಹೋದವರಲ್ಲ ಅನ್ನೋದು ಮಾತ್ರ ಗ್ಯಾರಂಟಿ.

ಅಮ್ಮನ ಬ್ಯಾಗಿನಲ್ಲಿ ಸೀರೆ ಕಮ್ಮಿ, ಊಟ ಜಾಸ್ತಿ. ಚಟ್ನಿಪುಡಿ, ಸಾರಿನಪುಡಿ, ಅವಲಕ್ಕಿ, ಪ್ಲಾಸ್ಟಿಕ್ಕಿನ ಮೇಲೆ ಪ್ಲಾಸ್ಟಿಕ್ ಸುತ್ತಿದ ಮಾವಿನಮಿಡಿ ಉಪ್ಪಿನಕಾಯಿ. ಇಷ್ಟೆಲ್ಲ ಯಾಕಮ್ಮ ಅಂದರೆ, "ಗಾಲಿ ಇದೆಯಲ್ಲೋ, ಎಳ್ಕೊಂಡು ಹೋಗೋದು ತಾನೇ" ಎಂದರು.

ಎಳೆದುಕೊಂಡು ಹೋಗುವುದಕ್ಕೆ ಪ್ರಪಂಚದಲ್ಲಿ ಬೇಕಾದಷ್ಟು ಊರುಗಳಿವೆ. ವೆನಿಸ್ ಅವುಗಳಲ್ಲೊಂದಲ್ಲ. ನೂರಕ್ಕೂ ಹೆಚ್ಚು ಪುಟ್ಟ ನಡುಗಡ್ಡೆಗಳನ್ನು 400ಕ್ಕೂ ಹೆಚ್ಚು ಸೇತುವೆಗಳಿಂದ ಹೊಲಿದು ಮಾಡಿದ ಊರು ಅದು. ಕಾರು, ಬಸ್ಸು ಎಲ್ಲಾ ಊರ ಬಾಗಿಲಲ್ಲೇ, ಪಿಯಾತ್ಸಾಲೆ ರೋಮಾ ಅನ್ನೋ ಕಡೆ ನಿಂತುಬಿಡುತ್ತವೆ. ಒಳಗೆ ಸೈಕಲ್ಲಿಗೂ ಪ್ರವೇಶವಿಲ್ಲ. ಕೆಳಗೆ ದೋಣಿ ಹೋಗಬೇಕಲ್ಲ, ಹಾಗಾಗಿ ಸೇತುವೆಗಳೆಲ್ಲ ಬೆನ್ನು ಬಾಗಿಸಿ ನಿಂತಿವೆ. ಅಂದರೆ ಹತ್ತುವಾಗ ಮೆಟ್ಟಿಲು, ಇಳಿಯುವಾಗ ಮೆಟ್ಟಿಲು. ಹೋಟೆಲಿನವರು ಕಳಿಸಿದ ಮೇಲ್‌ನಲ್ಲಿ "ಸ್ಟೇಷನ್ನಿಂದ ಎಂಟೇ ನಿಮಿಷ" ಅಂತಿತ್ತು. ಅದು ಬಹುಶಃ ಪಾರಿವಾಳಗಳಿಗೆ ಹೇಳಿದ ಲೆಕ್ಕ.

ಸ್ಟೇಷನ್ನಿಂದ ಹೊರಗೆ ಬಂದರೆ ಎದುರಿಗೇ ಗ್ರ್ಯಾಂಡ್ ಕೆನಾಲ್. ಹಸಿರು ನೀರು, ಅರಮನೆಗಳು, ಬಿಸಿಲು. ಹೆಂಡತಿ "ರೀ, ಎಷ್ಟು ಚೆನ್ನಾಗಿದೆ ಅಲ್ವಾ!" ಅಂದಳು. ನಾನು ನೋಡುತ್ತಿದ್ದದ್ದು ಎಡಗಡೆ ನಿಂತಿದ್ದ ಸ್ಕಾಲ್ಜಿ ಸೇತುವೆಯನ್ನು. ಅದರ ಮೆಟ್ಟಿಲುಗಳ ಮೇಲೆ ನಾನಾ ದೇಶದ ಗಂಡಂದಿರು ನಾನಾ ಬಣ್ಣದ ಬ್ಯಾಗು ಹೊತ್ತು ಏದುಸಿರು ಬಿಡುತ್ತಿದ್ದರು. ಹೆಂಡತಿಯರೆಲ್ಲ ಮೇಲೆ ನಿಂತು ಫೋಟೋ ತೆಗೆಯುತ್ತಿದ್ದರು. ವಿಶ್ವಭ್ರಾತೃತ್ವ ಅಂದರೆ ಏನು ಅಂತ ನನಗೆ ಅರ್ಥವಾದದ್ದು ಅಲ್ಲೇ.

ಅಮ್ಮನ ಬ್ಯಾಗಿನ ಬಲಗಡೆ ಗಾಲಿ ಎರಡನೇ ಸೇತುವೆಯವರೆಗೂ ಬಾಳಿತು. ಇಳಿಯುವಾಗ ಟಕ್ ಅಂತ ಕಳಚಿಕೊಂಡು, ಒಂದೊಂದೇ ಮೆಟ್ಟಿಲು ಇಳಿದು, ಅಂಚಿನಲ್ಲಿ ಒಂದು ಕ್ಷಣ ಯೋಚಿಸಿ, ಕಾಲುವೆಗೆ ಹಾರಿತು. "ನೀರಿಗೆ ಬಿತ್ತಾ? ಹೋಗ್ಲಿ ಬಿಡು, ಉಪ್ಪಿನಕಾಯಿ ಬೀಳಲಿಲ್ಲವಲ್ಲ" ಎಂದರು ಅಮ್ಮ.

ಅಷ್ಟರಲ್ಲಿ ಹಿಂದಿನಿಂದ ಯಾರೋ ಜೋರಾಗಿ ಕೂಗಿದರು. ಅಂಗಡಿಗಳಿಗೆ ಸಾಮಾನು ಹಾಕುವವರ ತಳ್ಳುಗಾಡಿ. ನೀರಿನ ಕೇಸು, ಕೋಲಾ, ಟಿಶ್ಯೂ ಕಟ್ಟು ಎಲ್ಲಾ ಪೇರಿಸಿಕೊಂಡು ಆತ ಅದೇ ಸೇತುವೆ ಹತ್ತಿದ. ಗಾಡಿಯ ಮೂತಿಯಲ್ಲಿ ಎರಡು ಪುಟ್ಟ ಗಾಲಿ ಜಾಸ್ತಿ ಇವೆ. ಅವನ್ನು ಮೇಲಿನ ಮೆಟ್ಟಿಲಿಗೆ ಊರಿ, ಹಿಂದಿನ ದೊಡ್ಡ ಗಾಲಿಯನ್ನು ಎತ್ತಿಕೊಳ್ಳುತ್ತಾರೆ. ಮತ್ತೆ ಊರು, ಮತ್ತೆ ಎತ್ತು. ನೋಡುತ್ತಾ ನಿಂತರೆ ಹೊತ್ತು ಹೋಗುವುದೇ ಗೊತ್ತಾಗುವುದಿಲ್ಲ. ನನ್ನ ಮಟ್ಟಿಗೆ ವೆನಿಸ್‌ನ ನಿಜವಾದ ಕಲಾಕೃತಿ ಅದೇ. 2014ರಲ್ಲಿ ನಮ್ಮಂಥವರ ಗಡಗಡ ಸದ್ದಿನ ಗಾಲಿ ಬ್ಯಾಗುಗಳಿಗೆ ದಂಡ ಹಾಕುವ ಮಾತು ಊರಲ್ಲಿ ಎದ್ದಿತ್ತಂತೆ. ಆಮೇಲೆ ಪ್ರವಾಸಿಗರಿಗೆ ಅದು ಅನ್ವಯಿಸುವುದಿಲ್ಲ ಅಂದರು. ನನ್ನ ಕೇಳಿದ್ದರೆ ನಿಷೇಧಿಸಿಬಿಡಿ ಅಂತಿದ್ದೆ. ಅಮ್ಮನಿಗೆ ತೋರಿಸೋಕೆ ಒಂದು ಕಾನೂನಾದರೂ ಸಿಗುತ್ತಿತ್ತು.

ವಿಳಾಸ ಹುಡುಕುವುದು ಇನ್ನೊಂದು ಪುರಾಣ. ಅಲ್ಲಿ ಮನೆ ನಂಬರು ಬೀದಿಗಲ್ಲ, ಇಡೀ ಬಡಾವಣೆಗೆ. ಊರಿಗೆ ಆರು ಬಡಾವಣೆ. ಕಸ್ತೆಲ್ಲೊ ಅನ್ನೋದರಲ್ಲಿ ನಂಬರು 6,800 ದಾಟುತ್ತದೆ. ನಮ್ಮದು ಸಾಂತಾ ಕ್ರೋಚೆ. ಪಕ್ಕಪಕ್ಕದ ನಂಬರಿನ ಮನೆಗಳು ಓಣಿ ಮುಗಿದದ್ದೇ ತಡ, ಕಾಲುವೆ ಹಾರಿ ಆಚೆ ದಡದಲ್ಲಿ ಮುಂದುವರಿಯುತ್ತವೆ. ಫೋನಿನ ನೀಲಿ ಚುಕ್ಕೆ ನಮ್ಮನ್ನು ನೀರಿನ ಮಧ್ಯೆ ನಿಲ್ಲಿಸಿತ್ತು. ಗೋಡೆಯ ಮೇಲೆ ಒಂದು ಕಡೆ ರಿಯಾಲ್ಟೊ ಅನ್ನೋ ಪೇಟೆಗೆ ದಾರಿ ತೋರಿಸುವ ಬಾಣ ಇತ್ತು, ಎಡಕ್ಕೂ ಬಲಕ್ಕೂ. ಎರಡೂ ಸರಿಯಂತೆ! ಹೆಂಡತಿ ಎಡಕ್ಕೆ ಅಂದಳು, ಅಮ್ಮ ಬಲಕ್ಕೆ ಅಂದರು. ಈ ಪ್ರಸಂಗದ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯುವುದು ಸಂಸಾರಕ್ಕೆ ಒಳ್ಳೆಯದಲ್ಲ.

ಮಾರನೇ ದಿನ ಸಾನ್ ಮಾರ್ಕೊ ಚೌಕ. ಅಮ್ಮ ಮೆಟ್ಟಿಲ ಮೇಲೆ ಕೂತು ಚಪಾತಿ ಡಬ್ಬಿ ತೆಗೆದರು. ಅಲ್ಲಿ ಹಾಗೆಲ್ಲ ಕೂತು ತಿನ್ನುವಂತಿಲ್ಲ, ದಂಡ ಬೀಳುತ್ತದೆ. ಪಾರಿವಾಳಗಳಿಗೆ ಕಾಳು ಹಾಕುವುದೂ 2008ರಿಂದ ಬಂದ್. ಇದನ್ನೆಲ್ಲ ನಾನು ವಿವರಿಸುವ ಮೊದಲೇ ಆಕಾಶದಿಂದ ಒಂದು ಕಡಲಹಕ್ಕಿ ಇಳಿದು, ಚಟ್ನಿಪುಡಿ ತುಪ್ಪ ಸವರಿ ಸುತ್ತಿದ ಚಪಾತಿಯನ್ನು ಅಮ್ಮನ ಕೈಯಿಂದಲೇ ಎಗರಿಸಿತು. ಈ ಹಕ್ಕಿಗಳ ಕಾಟಕ್ಕೆ 2021ರಲ್ಲಿ ಕೆಲವು ಹೋಟೆಲುಗಳು ಗಿರಾಕಿಗಳ ಕೈಗೆ ನೀರಿನ ಪಿಸ್ತೂಲು ಕೊಟ್ಟಿದ್ದವು. ಅಮ್ಮನಿಗೆ ಅದೊಂದು ಸಿಕ್ಕಿದ್ದರೆ ಆ ಚೌಕದ ಚರಿತ್ರೆಯೇ ಬೇರೆ ಆಗುತ್ತಿತ್ತು. "ಖಾರ ಜಾಸ್ತಿ ಹಾಕಿದ್ದೆ, ಅನುಭವಿಸಲಿ" ಅಂತ ಶಾಪ ಹಾಕಿ ಎದ್ದರು.

ಅಮ್ಮನಿಗೆ ಇಡೀ ಊರಲ್ಲಿ ಇಷ್ಟವಾದದ್ದು ಬಾವಿ. ಚರ್ಚಿಗೆ ಅರ್ಧ ನಿಮಿಷ ಕೊಟ್ಟವರು ಬಾವಿಗೆ ಅರ್ಧ ಗಂಟೆ ಕೊಟ್ಟರು. ಹೆಚ್ಚುಕಡಿಮೆ ಪ್ರತಿ ಬಯಲಿನ ನಡುವೆಯೂ ಕೆತ್ತನೆಯ ಒಂದು ಕಲ್ಲಿನ ಕಟ್ಟೆ ಇರುತ್ತದೆ, ಮೇಲೆ ಲೋಹದ ಮುಚ್ಚಳ. ಸುತ್ತ ಉಪ್ಪುನೀರು ಇರುವಾಗ ಬಾವಿ ತೋಡಿ ಏನು ಪ್ರಯೋಜನ? ಅದು ಬಾವಿಯೇ ಅಲ್ಲ, ಮಳೆನೀರಿನ ತೊಟ್ಟಿ. ಬಯಲಿನ ನೆಲದಲ್ಲಿ ತೂತಿನ ಕಲ್ಲುಗಳಿವೆ. ಮಳೆನೀರು ಅವುಗಳಿಂದ ಇಳಿದು, ಮರಳಿನಲ್ಲಿ ಸೋಸಿಕೊಂಡು, ನಡುವಿನ ಕೊಳವೆಗೆ ಬಂದು ಸೇರುತ್ತಿತ್ತು. ತಳದಲ್ಲಿ ಜೇಡಿಮಣ್ಣು ಮೆತ್ತಿ ಉಪ್ಪುನೀರು ನುಗ್ಗದಂತೆ ತಡೆದಿದ್ದರು. 1884ರಲ್ಲಿ ಆಚೆ ದಡದಿಂದ ಪೈಪ್ ನೀರು ಬರುವವರೆಗೂ ಊರು ಕುಡಿದದ್ದು ಮುಖ್ಯವಾಗಿ ಇದನ್ನೇ. ಬೆಂಗಳೂರಲ್ಲಿ ಮಳೆಕೊಯ್ಲು ಮಾಡಿಸಿ ಅಂತ ನೋಟಿಸು ಬಂದಾಗ ನಮ್ಮ ಬೀದಿಯವರು ಡ್ರಮ್ಮು ಇಟ್ಟು ಫೋಟೋ ತೆಗೆಸಿಕೊಂಡದ್ದು ನೆನಪಾಗಿ ಸುಮ್ನಾದೆ.

ಗೊಂಡೋಲ ಹತ್ತದೆ ವಾಪಸ್ ಬಂದರೆ ಊರಲ್ಲಿ ಮುಖ ತೋರಿಸುವುದು ಹೇಗೆ ಅನ್ನೋದು ಹೆಂಡತಿಯ ಚಿಂತೆ. ಅರ್ಧ ಗಂಟೆಗೆ 90 ಯೂರೋ, ಸಂಜೆ ಏಳರ ಮೇಲೆ 110. ಅಮ್ಮ ದರ ಕೇಳಿ ದೋಣಿಯನ್ನು ಮೇಲಿಂದ ಕೆಳಗೆ ನೋಡಿ, "ಸೊಟ್ಟಗಿದೆ ಕಣೋ ಇದು, ಕಮ್ಮಿ ಮಾಡೋಕೆ ಹೇಳು" ಅಂದರು. ನಿಜವಾಗಿಯೂ ಅದು ಸೊಟ್ಟವೇ! ಅಂಬಿಗ ಒಂದೇ ಕಡೆ ಹುಟ್ಟು ಹಾಕುತ್ತಾನಲ್ಲ, ನೇರ ಹೋಗಲಿ ಅಂತ ಎಡಭಾಗವನ್ನು ಬಲಕ್ಕಿಂತ 24 ಸೆಂ.ಮೀ. ಅಗಲ ಮಾಡಿರುತ್ತಾರೆ. ಇದನ್ನು ಹೇಳಿದರೂ ಅಮ್ಮ ಜಗ್ಗಲಿಲ್ಲ. ಅಂಬಿಗನೂ ಜಗ್ಗಲಿಲ್ಲ.

ಹೆಂಡತಿಯ ಚಿಂತೆಗೆ ದಾರಿ ಸಿಕ್ಕಿದ್ದು ರಿಯಾಲ್ಟೊ ತರಕಾರಿ ಮಾರ್ಕೆಟ್ಟಿನ ಹತ್ತಿರ. ಟೊಮೆಟೊ ಮುಟ್ಟಿ ನೋಡಿದ್ದಕ್ಕೆ ಬೈಸಿಕೊಂಡು ಈಚೆ ಬಂದರೆ, ದಡದಲ್ಲಿ ಜನ ಸಾಲು ನಿಂತಿದ್ದರು. ಗ್ರ್ಯಾಂಡ್ ಕೆನಾಲ್ ದಾಟಿಸುವ ತ್ರಾಗೆತ್ತೊ. ಅದೂ ಗೊಂಡೋಲವೇ, ಸ್ವಲ್ಪ ಅಗಲ, ಹುಟ್ಟು ಹಾಕಲು ಇಬ್ಬರು. ಹೊರಗಿನವರಿಗೆ ತಲೆಗೆ ಎರಡು ಯೂರೋ. ಆ ದಡ ಸೇರುವುದಕ್ಕೆ ಒಂದೆರಡು ನಿಮಿಷ. ಊರಿನವರು ಅದರಲ್ಲಿ ಆರಾಮಾಗಿ ನಿಂತೇ ಹೋಗುತ್ತಾರೆ. ಅಮ್ಮ ಸೀರೆ ನೆರಿಗೆ ಎತ್ತಿ ಹಿಡಿದು, ತರಕಾರಿ ಚೀಲದ ಜೊತೆ ಕೂತೇಬಿಟ್ಟರು. ಆಚೆ ದಡ ಬಂದಾಗ ಹೆಂಡತಿ ಮೊಬೈಲ್ ನೋಡಿ ಮುಖ ಸಣ್ಣ ಮಾಡಿದಳು. ಫೋಟೋದಲ್ಲಿ ಅರ್ಧ ಅಮ್ಮ, ಪೂರ್ತಿ ಯಾರದೋ ಬೆನ್ನು.

"ಎರಡೇ ಯೂರೋ ತಾನೇ?" ಅಂತ ಅಮ್ಮ ಮತ್ತೆ ಸಾಲಿನಲ್ಲಿ ನಿಂತರು. "ಊರಲ್ಲಿ ತೊಂಬತ್ತಾಯ್ತು ಅಂತಲೇ ಹೇಳೋಣ. ಈ ಸಲ ಹಸಿಮೆಣಸಿನಕಾಯಿ ಚೀಲ ಕಾಣದ ಹಾಗೆ ತೆಗಿ."