ಮಂಗಳೂರು ಬೆಳೆದಿದೆ, ಆದ್ರೆ ಘಾಟಿ ದಾಟೋದು ಹೇಗೆ?

ಮಂಗಳೂರು ಎಷ್ಟು ಬೆಳೆದಿದೆ, ಎಷ್ಟು ಫ್ಲಾಟ್‌ಗಳು ಬರುತ್ತಿವೆ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ, ಖುಷಿಯಾಯಿತು. ಬಂದರು, ಬಜ್ಪೆ ವಿಮಾನ ನಿಲ್ದಾಣ, ಹೆದ್ದಾರಿ, ರೈಲು ಎಲ್ಲ ಇರುವ ಊರು ನಮ್ಮದು. ಆದರೆ ಜೋರು ಮಳೆ ಬಂದರೆ ಬೆಂಗಳೂರಿಗೆ ಹೋಗೋದೇ ಕಷ್ಟ, ಅದನ್ನೂ ಬರೆಯಬೇಕಿತ್ತು ಅಲ್ವಾ?

ಒಂದು ಮಳೆಗಾಲ ಬೆಂಗಳೂರು ದಾರಿಯ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ನಮ್ಮ ಬಸ್ಸು ರಾತ್ರಿಯಿಡೀ ನಿಂತಿತ್ತು. ಪಕ್ಕದ ಸೀಟಿನ ಅಮ್ಮ ಮಗಳ ಬಾಣಂತನಕ್ಕೆ ಹೊರಟವರು, ಮಡಿಲಲ್ಲಿ ಕುಚ್ಚಲಕ್ಕಿ ಚೀಲ ಇಟ್ಟುಕೊಂಡು ಬೆಳಗಿನವರೆಗೂ ಫೋನ್ ನೋಡುತ್ತಲೇ ಕೂತಿದ್ದರು. ಆ ಮುಖ ಇನ್ನೂ ಮರೆತಿಲ್ಲ.

ರೈಲಿನ ಕಥೆಯೂ ಅಷ್ಟೇ. ಮಂಗಳೂರು-ಹಾಸನ ಹಳಿ ಅಗಲ ಮಾಡಲು 1996ರಲ್ಲಿ ನಿಲ್ಲಿಸಿದ ಪ್ರಯಾಣಿಕರ ರೈಲು ಮತ್ತೆ ಬಂದಿದ್ದು 2007ರ ಕೊನೆಗೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿ.ಮೀ. ಘಾಟಿಯಲ್ಲಿ 57 ಸುರಂಗಗಳಿವೆ, ಅಲ್ಲಿ ರೈಲು ಜೋರಾಗಿ ಓಡೋಕೆ ಆಗಲ್ಲ, ಅದು ಅರ್ಥವಾಗುತ್ತದೆ. ಆದರೆ ಮಂಗಳೂರು ಸೆಂಟ್ರಲ್ ಸ್ಟೇಷನ್ ರೈಲ್ವೆಯ ಪಾಲಕ್ಕಾಡ್ ವಿಭಾಗಕ್ಕೆ, ಪಡೀಲ್ ದಾಟಿದರೆ ಮೈಸೂರು ವಿಭಾಗಕ್ಕೆ, ತೋಕೂರಿನಿಂದ ಕೊಂಕಣ ರೈಲ್ವೆಗೆ ಅಂತ ಒಂದೇ ಊರನ್ನು ಮೂರು ಪಾಲು ಮಾಡಿದ್ದು ಯಾಕೆ? ಒಂದು ಹೊಸ ರೈಲು ಬೇಕು ಅಂದ್ರೆ ನಾವು ಯಾರನ್ನ ಕೇಳಬೇಕು? ಹೊಸ ಫ್ಲಾಟ್‌ಗಳಿಗಿಂತ ಮೊದಲು ಇದು ಸರಿಯಾಗಲಿ.